ರಜೆಯ ಮೇಲೆ ಹೋದ ಸಿಪಾಯಿ

ಆಗೆಲ್ಲ ಸವಣೂರಿನಲ್ಲಿ ನಮಗೆ ಯುದ್ಧ ಬರುತ್ತಿದ್ದುದು ರದ್ದಿ ಕಾಗದದ ಗಂಟಿನಲ್ಲಿ. ಗೆಳೆಯ ಮೆಹಬೂಬನ ಅಪ್ಪನದು ರದ್ದಿ ಅಂಗಡಿ. ಹುಬ್ಬಳ್ಳಿಯಿಂದ ಬಂದ ಗಂಟು ಬಿಚ್ಚಿದರೆ ಮುಗ್ಗಲು ವಾಸನೆಯ ನಡುವೆ ಒಮ್ಮೊಮ್ಮೆ ಇಂಗ್ಲಿಷ್ ಕಾಮಿಕ್ಸ್ ಸಿಗುತ್ತಿತ್ತು. ಅದರ ಸಿಪಾಯಿಗಳೆಲ್ಲ ಯಾವುದೋ ದೂರದೇಶದಲ್ಲಿ ಮಾರುವ ಪ್ಲಾಸ್ಟಿಕ್ ಗೊಂಬೆಗಳು. ಕೊನೆಯ ಪುಟದಲ್ಲಿ ಆ ಗೊಂಬೆಗಳ ಚಿತ್ರ ನೋಡಿ ನಮ್ಮ ಬಾಯಲ್ಲಿ ನೀರು. ಇಂಗ್ಲಿಷ್ ಇಬ್ಬರಿಗೂ ಬಾರದು. ಮೆಹಬೂಬ ಚಿತ್ರ ನೋಡಿಯೇ ಓದುತ್ತಿದ್ದ: "ಕ್ಯಾಪ್ಟನ್ ಅಂತಾನ, ಏಳ್ರಲೇ, ವೈರಿ ಬಂದಾನ, ನಾಷ್ಟಾ ಆಮ್ಯಾಲ!"

ಅಂಥ ಗೊಂಬೆ ನಮ್ಮೂರಿಗೆ ಬರುವಂತಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅಜ್ಜಿ ಎತ್ತು ಮಾಡಿ ಉಳಿದ ಕರಿಮಣ್ಣಿನಲ್ಲಿ ನಾವಿಬ್ಬರೂ ದಂಡನ್ನೇ ಮಾಡಿದೆವು. ಕ್ಯಾಪ್ಟನ್ ಮೆಹಬೂಬನ ಕೈಕೆಲಸ. ಹೆಗಲ ಮೇಲೆ ಕಸಬರಿಗೆ ಕಡ್ಡಿಯ ಬಂದೂಕು, ಕಣ್ಣಿಗೆ ಗುಲಗಂಜಿ. ಎತ್ತುಗಳ ಮಣೆಯ ಮೇಲೆಯೇ ಒಣಗಲು ಇಟ್ಟೆವು.

ಬೆಳಿಗ್ಗೆ ನೋಡಿದರೆ ಅಜ್ಜಿ ಎಲ್ಲರಿಗೂ ಕುಂಕುಮ ಹಚ್ಚಿ, ಹೋಳಿಗೆ ನೈವೇದ್ಯ ತೋರಿಸಿಯಾಗಿತ್ತು.

"ದನಾ ಕಾಯೋರನ್ನೂ ಮಾಡೀರಲ್ಲ, ಛಲೋ ಆತು. ಕೈಯಾಗ ಬಡಿಗಿ ಸೈತ ಐತಿ!"

"ಅಜ್ಜೀ, ಅವರು ಸಿಪಾಯಿಗೋಳು!" ಎಂದು ಚೀರಿದೆ.

"ಇದ್ದರ ಇರವಲ್ಲರ್ಯಾಕ. ಈಗ ಪೂಜಿ ಆಗೇತಿ."

ನನ್ನ ಜೀವ ಹಾರಿಹೋಯಿತು. ನಮ್ಮ ಮನೆಯಲ್ಲಿ ಪೂಜೆಯಾದ ಮಣ್ಣು ಆಟಕ್ಕಿಲ್ಲ, ಸಂಜೆಗೆ ಬಾವಿಯ ಪಾಲು.

ಬುಟ್ಟಿ ಹಿಡಿದು ಹೊರಟ ಅಜ್ಜಿಯ ಹಿಂದೆ ಅಳುತ್ತ ನಡೆದೆ. ಮೆಹಬೂಬ ಅಳಲಿಲ್ಲ, ಬಾವಿಕಟ್ಟೆಯ ಹತ್ತಿರ ನಿಂತು ಬುಟ್ಟಿಯನ್ನೇ ನೋಡುತ್ತಿದ್ದ. ಎತ್ತುಗಳು ಹೋದವು. ಸಿಪಾಯಿಗಳೂ ಬುಳುಕ್ಕೆಂದು ಹೋದರು. ಕ್ಯಾಪ್ಟನ್ ಕೈಗೆ ಬಂದಾಗ ಅಜ್ಜಿ ಕೈ ತಡೆದಳು.

"ಇವನ್ನ ಯಾರು ಮಾಡ್ಯಾರ?"

"ನಾನ್ರಿ, ಅಜ್ಜಿ," ಎಂದ ಮೆಹಬೂಬ.

ಅಜ್ಜಿ ಅವನ ಮುಖ ನೋಡಿದಳು. ಸೆರಗಿನಿಂದ ಕ್ಯಾಪ್ಟನ್ನನ ಹಣೆಯ ಕುಂಕುಮ ಒರೆಸಿದಳು.

"ಸಿಪಾಯಿ ಅಂದ ಮ್ಯಾಲ ರಜಾ ಇರಬೇಕಲ್ಲ. ಇವಂಗ ರಜಾ ಕೊಟ್ಟೇನಿ. ಮನಿಗೆ ಕರಕೊಂಡು ಹೋಗಪಾ, ನಿಮ್ಮ ಅವ್ವಗ ತೋರ್ಸು."

ಸದಾ ಓಡುವ ಮೆಹಬೂಬ ಅಂದು ಅವನನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನ ನಡೆದು ಹೋದ. ಅಜ್ಜಿಯ ಮೇಲೆ ನನಗೆ ಅಷ್ಟು ಪ್ರೀತಿ ಮತ್ತೆಂದೂ ಉಕ್ಕಿದ್ದಿಲ್ಲ.

ಈಗ ಅಜ್ಜಿ ಇಲ್ಲ. ಮಣ್ಣೆತ್ತನ್ನು ಅಂಗಡಿಯಿಂದ ತರುತ್ತೇನೆ, ಹೀಗಾಗಿ ಮಣ್ಣು ಉಳಿಯುವುದೇ ಇಲ್ಲ. ಕಾಮಿಕ್ಸಿನ ಆ ಗೊಂಬೆಗಳು ನನ್ನ ಮಗನ ಬಳಿ ಡಬ್ಬಿ ತುಂಬ ಇವೆ. ಮೊಣಕಾಲು, ಮಣಿಕಟ್ಟು ಎಲ್ಲ ಮಡಚುತ್ತವೆ. ಸುಳ್ಳೇಕೆ ಹೇಳಲಿ, ಅವನು ಶಾಲೆಗೆ ಹೋದಾಗ ಅವನ ತಾಯಿ ನಾನೂ ಆಡುತ್ತೇನೆ. ಮೊನ್ನೆ ಅವನು ಕಾಲು ಮುರಿದ ಸಿಪಾಯಿಯೊಬ್ಬನನ್ನು ಕಸಕ್ಕೆ ಎಸೆಯಲು ಹೊರಟಿದ್ದ.

"ತಡಿಯಪಾ," ಎಂದೆ. "ಅವಂಗ ರಜಾ ಕೊಟ್ಟು ಮನಿಗೆ ಕಳಸು."

ಮಗ ಗೊಂಬೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇವನ ಮನಿ ಎಲ್ಲೈತಿ, ಅವ್ವಾ?"