ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದ ಪದಗಳು

ಉಗಾರ ಖುರ್ದದ ದ್ರೌಪದಿ ಕನ್ನಡ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಗಣಿತ ಕಲಿಸಿದವರು. ಉಗಾರ ಬುದ್ರುಕದ ಉಜ್ವಲಾ ಮರಾಠಿ ಶಾಲೆಯಲ್ಲಿ ಅದೇ ಗಣಿತ ಕಲಿಸುತ್ತಿದ್ದರು. ಕಾಗವಾಡದ ಬಸ್ಸಿನಲ್ಲಿ ಪರಿಚಯವಾಗಿ, ವೃತ್ತ ಎನ್ನಬೇಕೋ ವರ್ತುಳ ಎನ್ನಬೇಕೋ ಎಂದು ಇಬ್ಬರೂ ವರ್ಷಗಟ್ಟಲೆ ವಾದಿಸಿದರು. ಒಂದು ದಿನ ಉಜ್ವಲಾ ಮೊಬೈಲಿನಲ್ಲಿ ಲೋಜ್‌ಬಾನ್ ತೋರಿಸಿದರು. ಯಾವ ನಾಡಿನದೂ ಅಲ್ಲದ, ತರ್ಕ ಹಿಡಿದು ಕೆಲವರು ಕೂತು ಕಟ್ಟಿದ ಭಾಷೆ.

“ಇದು ನಿಮ್ದೂ ಅಲ್ಲ, ನಮ್ದೂ ಅಲ್ಲ. ಇನ್ನ ಜಗಳ ಸಾಕ್ ಮಾಡೂಣು, ಬಾಯಿ,” ಎಂದರು. ಮರಾಠಿ ಶಾಲೆಯಲ್ಲಿ ಶಿಕ್ಷಕಿಯನ್ನು ಕರೆಯುವಂತೆ ದ್ರೌಪದಿಯನ್ನು ಅವರು ‘ಬಾಯಿ’ ಎಂದೇ ಕರೆಯುತ್ತಿದ್ದರು.

ಕಲಿಯಲು ಎರಡು ವರ್ಷ ಹಿಡಿಯಿತು. ಎಣಿಕೆಗೆ, ಕೂಡಿಸಿ ಕಳೆಯುವುದಕ್ಕೆ ಅಲ್ಲಿ ಪದಗಳಿದ್ದವು. ಚಕ್ರೀಯ ಚತುರ್ಭುಜ, ತ್ರಿಭುಜದ ಮಧ್ಯರೇಖೆ ಎಂದು ಹುಡುಕುತ್ತ ಹೋದಾಗ ಎಲ್ಲರೂ ಒಪ್ಪಿದ ಪದ ಅವರಿಗೆ ಸಿಗಲಿಲ್ಲ. ಅಂಥ ನೂರಾ ಹದಿನಾಲ್ಕು ಪರಿಕಲ್ಪನೆಗಳ ಪಟ್ಟಿ ಮಾಡಿ, ತಾವೇ ಪದ ಕಟ್ಟತೊಡಗಿದರು.

ಪ್ರತಿ ಪದಕ್ಕೂ ಪರೀಕ್ಷೆಯಿತ್ತು. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಬೆನ್ನಿಗೆ ಬೆನ್ನು ಹಚ್ಚಿ ಕೂತು, ಒಬ್ಬರು ಹೊಸ ಪದ ಬಳಸಿ ಲೋಜ್‌ಬಾನಿನಲ್ಲೇ ಆಕೃತಿ ವಿವರಿಸಬೇಕು. ಇನ್ನೊಬ್ಬರು ತಿರುಗಿ ನೋಡದೆ ಬಿಡಿಸಬೇಕು. ಚಿತ್ರ ಹೊಂದಿದರೆ ಪಟ್ಟಿಯ ನೋಟಬುಕ್ಕಿನಲ್ಲಿ ಆ ಪದದ ಮುಂದೆ ಬಿಡಿಸಿದವರ ಸಹಿ.

“ಇವತ್ತೂ ಮಾರಿ ತಿರುವಿ ಕುಂತೀರಿ? ಜಗಳ ಮುಗದಿಲ್ಲೇನ್ರಿ, ಅಕ್ಕೋರ?” ಎಂದು ಕಂಡಕ್ಟರ್ ಅಮೋಲ ಕೇಳುತ್ತಿದ್ದ.

“ಇದು ಸಂಸಾರಪ್ಪಾ. ಮುಗಿಯೂದಿಲ್ಲ,” ಎನ್ನುತ್ತಿದ್ದರು ಉಜ್ವಲಾ.

ಎಂಬತ್ಮೂರು ಪದಗಳಿಗೆ ಸಹಿ ಬಿತ್ತು. ಉಜ್ವಲಾ ಕ್ಯಾನ್ಸರಿನಿಂದ ಕಳೆದ ಮಾಘದಲ್ಲಿ ತೀರಿಕೊಂಡರು. ಉಳಿದ ಮೂವತ್ತೊಂದು ಪದಗಳನ್ನು ದ್ರೌಪದಿ ಒಬ್ಬರೇ ಕಟ್ಟಿದರು. ಪರೀಕ್ಷಿಸಲು ಯಾರೂ ಇರಲಿಲ್ಲ.

ಜೂನಿನಲ್ಲಿ, ಅಂತರಜಾಲದಲ್ಲಿ ಲೋಜ್‌ಬಾನ್ ಗಣಿತದ ಪದಕೋಶ ಮಾಡುತ್ತಿದ್ದ ಗುಂಪೊಂದು ತಿಂಗಳೊಳಗೆ ಪಟ್ಟಿ ಕಳಿಸಲು ಕೇಳಿತು. ಅದೇ ವಾರ ಉಜ್ವಲಾರ ಗಂಡ ಭಾವುಸಾಹೇಬ ಕಬ್ಬಿನ ಗದ್ದೆಯಿಂದ ನೇರವಾಗಿ ಬಂದು ಹೆಂಡತಿಯ ನೋಟಬುಕ್ ಕೊಟ್ಟರು. ಉಳಿದ ಮೂವತ್ತೊಂದು ಪರಿಕಲ್ಪನೆಗಳ ಸಾಲುಗಳಲ್ಲೂ ಪದದ ಜಾಗ ಖಾಲಿ. ಮುಂದೆ ಉಜ್ವಲಾರ ಸಹಿ.

“ದವಾಖಾನ್ಯಾಗ ಹಾಕ್ಯಾಳ್ರಿ. ದ್ರೌಪದಿ ಬಾಯಿಗೆ ಅಡ್ಡಿ ಆಗಬಾರ್ದು ಅಂದ್ಲು.”

ದ್ರೌಪದಿ ಒಂದೊಂದೇ ಸಹಿ ನೋಡುತ್ತ ಹಾಳೆ ತಿರುವಿದರು. ಕೊನೆಕೊನೆಯ ಸಹಿಗಳು ಗೆರೆ ಬಿಟ್ಟು ಕೆಳಗಿಳಿದಿದ್ದವು.

“ಚಿತ್ರ ಒಂದೀಟ ಸೊಟ್ಟ ಆಗಿದ್ದಕ್ಕ ನನ್ನ ಪದ ಮೂರ್ ಸಲ ವಾಪಸ್ ಕೊಟ್ಟಾಕಿ, ಭಾವುಸಾಹೇಬ್ರ. ನೋಡಲಾರ್ದ ಸಹಿ ಹಾಕಾಕಿ ಅಲ್ಲ ಆಕಿ.”

“ನಿಮ್ಮ ಸಲುವಾಗಿ ಹಾಕ್ಯಾಳ್ರಿ.”

“ಗೊತ್ತೈತ್ರಿ.”

“ಹಂಗಾದ್ರ ಖಾಲಿ ಬಿಡ್ತೀರಿ?”

“ಬ್ಯಾರೇದವ್ರು ತುಂಬ್ತಾರ. ತುಂಬ್ಲಿ.”

ಪರೀಕ್ಷೆಯಾದ ಎಂಬತ್ಮೂರನ್ನೇ ದ್ರೌಪದಿ ಗುಂಪಿಗೆ ಕಳಿಸಿದರು. ತಾವು ಕಟ್ಟಿದ ಮೂವತ್ತೊಂದನ್ನು ಯಾರಿಗೂ ತೋರಿಸಿಲ್ಲ. ಮಾಘದಿಂದೀಚೆಗೆ ಅವರು ಲೋಜ್‌ಬಾನಿನಲ್ಲಿ ಒಂದು ವಾಕ್ಯವನ್ನೂ ಬಾಯಿಬಿಟ್ಟು ಆಡಿಲ್ಲ.