ಬೀಸುಕಲ್ಲಿನ ಒಡತಿ
ಗಿರಣಿ ಕೆಲಸಕ್ಕೆ ಬಂದವರಿಂದ ಸೊಲ್ಲಾಪುರ ತುಂಬಿದ್ದ ದಿನಗಳವು. ನಮ್ಮ ಓಣಿಯಲ್ಲಿ ಮೊದಲು ಮನೆಯ ಕೋಣೆಗಳನ್ನು, ಅಂದರೆ ಖೋಲಿಗಳನ್ನು, ಬಾಡಿಗೆಗೆ ಕೊಟ್ಟವರು, ಅಕ್ಕಲಕೋಟದಿಂದ ಬಂದು ನೆಲೆಸಿದ್ದ ಪಕ್ಕದ ಮನೆಯ ಚಿಕ್ಕಮ್ಮ, ಓಣಿಗೆಲ್ಲ ಕಾಕು. ಕೇಳಿ ಬಂದವರಿಗೆಲ್ಲ ಸೆರಗು ಸಿಕ್ಕಿಸಿ ಹೇಳುವರು: "ಖೋಲಿ ಕೊಡ್ತೀನ್ರಿ, ಬೀಸೂಕಲ್ಲು ಕೊಡೂದಿಲ್ಲ."

ಕಲ್ಲು ಇದ್ದದ್ದು ಒಬ್ಬ ಬಾಡಿಗೆಯವನಿಗೆ ಕೊಟ್ಟಿದ್ದ ಹೊರಖೋಲಿಯಲ್ಲಿ. ದಿನವೂ ನಸುಕಿನಲ್ಲಿ ಕಾಕು ಅಲ್ಲಿಗೇ ಹೋಗಿ, ಗಟ್ಟಿಯಾಗಿ ಹಾಡುತ್ತ ಜೋಳ ಬೀಸುವರು.

ವರ್ಷಗಳ ಮೇಲೆ ಆ ಬಾಡಿಗೆಯವನು ಖೋಲಿ ಬಿಡಲು ಒಪ್ಪದೆ ಕೋರ್ಟಿನಲ್ಲಿ, "ಈ ಖೋಲಿ ನಂದರಿ. ಈಕಿ ಒಳಗ ಕಾಲಿಟ್ಟೇ ಇಲ್ಲ" ಎಂದ.

ನಾನು ಸಾಕ್ಷಿಗೆ ನಿಂತೆ. "ಸಾಹೇಬ್ರ, ಆ ಖೋಲ್ಯಾಗ ಕಾಕು ಹಾಡೂದು ಕೇಳೇ ನಮ್ಮ ಓಣಿ ದಿನಾ ಏಳ್ತದ್ರಿ!"

ಬೀಸುಕಲ್ಲಿಗಾಗಿ ದಿನವೂ ಒಳಗೆ ಹೋಗುತ್ತಿದ್ದುದೇ ಆಧಾರವಾಗಿ ಕಾಕು ಗೆದ್ದರು.

ಮುಂದೆ ಹೊಸ ಬಾಡಿಗೆಯವರು ಬಂದಾಗ, ಕಾಕು ಸೆರಗು ಸಿಕ್ಕಿಸುವ ಮೊದಲೇ ಇಡೀ ಓಣಿ ಕೂಗಿತು: "ಬೀಸೂಕಲ್ಲು ಕೊಡೂದಿಲ್ಲ!"