ಕಾಲು ಉಳಿಸಿದ ತಲೆನೋವು

ಕೊರೊನಾದ ಎರಡನೇ ಅಲೆ ಇಳಿದ ವರ್ಷ ನಾನು ಪುಣೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಿರಿಯ ಫಿಸಿಶಿಯನ್ ಆಗಿದ್ದೆ. ಒಂದು ಮಧ್ಯಾಹ್ನ ಶಕುಂತಲಾ ಎಂಬುವರನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ಬೆಳಗಾವಿ ಕಡೆಯವರು, ಪುಣೆಯದೇ ಶಿವಾಜಿನಗರದ ಕೋರ್ಟಿನಲ್ಲಿ ಸ್ಟೆನೋಗ್ರಾಫರ್, ವಯಸ್ಸು ನಲವತ್ತೊಂದು. ಎರಡೂ ಪಾದ ತಣ್ಣಗೆ ಕೊರೆಯುತ್ತಿದ್ದವು. ಎಡಗಾಲಿನ ಬೆರಳುಗಳು ನೀಲಿಗಟ್ಟಿದ್ದವು. ಪಾದದಲ್ಲಿ ನಾಡಿ ಸಿಗಲಿಲ್ಲ.

ರಕ್ತ ಹೆಪ್ಪುಗಟ್ಟಿರಬೇಕೆಂದು ಸರ್ಜನ್ ಆಪರೇಷನ್ ಥಿಯೇಟರ್ ಸಿದ್ಧಪಡಿಸಲು ಹೇಳಿದರು. ಆದರೆ ಆಂಜಿಯೋಗ್ರಾಂನಲ್ಲಿ ಹೆಪ್ಪು ಎಲ್ಲಿಯೂ ಕಾಣಲಿಲ್ಲ. ಮೊಣಕಾಲಿನ ಕೆಳಗೆ ಎರಡೂ ಕಾಲಿನ ರಕ್ತನಾಳಗಳು ದಾರದಷ್ಟು ಸಣ್ಣಗಾಗಿದ್ದವು. ಯಾವುದೋ ವಸ್ತು ಅವನ್ನು ಹಿಂಡುತ್ತಿತ್ತು.

“ಏನೇನ ಗುಳಿಗಿ ತಗೊಂಡೀರಿ?” ಎಂದು ಕೇಳಿದೆ.

“ಕೆಮ್ಮಿತ್ತರಿ. ಓಣಿ ಡಾಕ್ಟರ್ ಆಂಟಿಬಯಾಟಿಕ್ ಕೊಟ್ಟಿದ್ರು, ಅಷ್ಟ.”

ಪಕ್ಕದಲ್ಲಿದ್ದ ಗಂಡ ಮಹಾದೇವಪ್ಪ ನಡುವೆ ಬಾಯಿ ಹಾಕಿದರು: “ತಲಿಶೂಲಿ ಗುಳಿಗಿ ದಿನಾ ನುಂಗ್ತಿಯಲ್ಲ, ಹೇಳು.”

“ಅದ್ಯಾವ ಔಷಧರಿ? ಅದು ಚಾ ಕುಡದಂಗ!”

ಆ ತಲೆನೋವಿನ ಗುಳಿಗೆ ಎರ್ಗೊಟಮೈನ್. ಮೈಗ್ರೇನ್ ಬಂದಾಗ ತಲೆಯ ರಕ್ತನಾಳಗಳನ್ನು ಹಿಗ್ಗಿಸುವ, ನೋವಿನ ನರಗಳನ್ನು ಕೆರಳಿಸುವ ವಸ್ತುಗಳು ದೇಹದಲ್ಲೇ ಬಿಡುಗಡೆಯಾಗುತ್ತವೆ. ಸಿಜಿಆರ್‌ಪಿ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಎರ್ಗೊಟಮೈನ್ ದೇಹದ್ದೇ ಆದ ಸೆರೊಟೋನಿನ್ ಎಂಬ ರಾಸಾಯನಿಕದಂತೆ ವರ್ತಿಸಿ ನಾಳಗಳನ್ನು ಕುಗ್ಗಿಸುತ್ತದೆ. ತಲೆ ಯಾವುದು, ಕಾಲು ಯಾವುದು ಎಂದು ನೋಡುವುದಿಲ್ಲ. ಲಿವರ್ ಅದನ್ನು ಒಡೆದು ಹೊರಹಾಕದಂತೆ ಆ ಆಂಟಿಬಯಾಟಿಕ್ ತಡೆದಿತ್ತು; ದಿನದಿನದ ಗುಳಿಗೆ ರಕ್ತದಲ್ಲೇ ಸೇರುತ್ತಾ ಹೋಗಿತ್ತು.

ಎರಡನ್ನೂ ನಿಲ್ಲಿಸಿ, ನಾಳ ಹಿಗ್ಗಿಸಲು ನೈಟ್ರೊಗ್ಲಿಸರಿನ್ ಡ್ರಿಪ್ ಹಚ್ಚಿದೆವು. ಅದರಿಂದ ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಉಂಟಾಗುತ್ತದೆ. ಮೈಗ್ರೇನ್ ಇರುವವರಿಗೆ ಅದೇ ತಲೆನೋವು ಎಬ್ಬಿಸುತ್ತದೆ. ಸಂಜೆಯ ಹೊತ್ತಿಗೆ ಶಕುಂತಲಾ ಮಂಚದ ಕಂಬಿಗೆ ಹಣೆ ಒತ್ತಿಕೊಂಡು ವಾಂತಿ ಮಾಡುತ್ತಿದ್ದರು. ಮೈಗ್ರೇನ್‌ಗೆ ಕೊಡುವ ಟ್ರಿಪ್ಟಾನ್ ಕೂಡ ನಾಳ ಕುಗ್ಗಿಸುವಂಥದ್ದು, ಕೊಡುವಂತಿರಲಿಲ್ಲ. ಉಳಿದ ನೋವಿನ ಔಷಧಗಳು ನಾಟಲಿಲ್ಲ.

“ಕಾಲ್ ಹೋದ್ರ ಹೋಗ್ಲಿ ಡಾಕ್ಟರ್ರ, ಈ ಡ್ರಿಪ್ ತಗೀರಿ,” ಎಂದು ನನ್ನ ಕೈ ಹಿಡಿದುಕೊಂಡರು.

“ತಗಿಯೂದು ಆಗಂಗಿಲ್ರಿ. ಇನ್ನೊಂದ ದಿನಾ ತಡಕೋರಿ.”

ಮಹಾದೇವಪ್ಪ ಕಾರಿಡಾರಿಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು. ಮನಸ್ಸು ತಡೆಯದೆ ಡ್ರಿಪ್‌ನ ವೇಗ ತುಸು ಇಳಿಸಿದೆ. ಪಾದ ಮತ್ತೆ ಬಿಳಿಚಿಕೊಂಡಿತು. ಏರಿಸಿದೆ. ಅವರು ನರಳಿದರು. ನನ್ನ ಕೈಯಾರೆ ಒಬ್ಬರನ್ನು ನೋಯಿಸುತ್ತಿದ್ದೇನೆಂದು ಅಷ್ಟು ನಿಚ್ಚಳವಾಗಿ ಅನ್ನಿಸಿದ್ದು ಅದೊಂದೇ ಸಲ.

ಮರುದಿನ ಬಲಪಾದ ಬೆಚ್ಚಗಾಯಿತು. ಎಡಪಾದಕ್ಕೂ ನಾಡಿ ಮರಳಿತು, ಆದರೆ ಎರಡು ಬೆರಳು ಆಗಲೇ ಕಪ್ಪಾಗಿದ್ದವು. ತೆಗೆಯಬೇಕಾಯಿತು.

ಈಗ ಅವರಿಗೆ ಸಿಜಿಆರ್‌ಪಿಯನ್ನು ತಡೆಯುವ ಇಂಜೆಕ್ಷನ್ ಎಚ್ಚರದಿಂದ ಕೊಡುತ್ತಿದ್ದೇವೆ. ಅದು ನಾಳಗಳನ್ನು ಹಿಂಡುವುದಿಲ್ಲ. ನೋವು ಕಡಿಮೆಯಾಗಿದೆ, ನಿಂತಿಲ್ಲ. “ತಲಿ ಹಿಡದಾಗೊಮ್ಮೆ ಮೊದ್ಲ ಕಾಲ್ ಮುಟ್ಟಿ ನೋಡ್ಕೋತೀನ್ರಿ,” ಎನ್ನುತ್ತಾರೆ.

ನೋವು ತೆಗೆಯುವುದೇ ವೈದ್ಯರ ಕೆಲಸ ಎಂದು ನಂಬಿ ಈ ವೃತ್ತಿಗೆ ಬಂದಿದ್ದೆ. ಕೆಲವೊಮ್ಮೆ ನೋವನ್ನು ಇರಗೊಟ್ಟು, ಅದರ ಪಕ್ಕದಿಂದ ಎದ್ದು ಹೋಗದಿರುವುದೂ ಇದೇ ಕೆಲಸದ ಭಾಗವೆಂದು ಅವರ ಮಂಚದ ಬಳಿ ಕಲಿತೆ.